ಉಪ್ಪು ನೀರಿನ ನೆಪ

ನಮ್ಮ ಶಾಲೆಯ ಕೆಳಗಿನ ಅಂತಸ್ತಿನಲ್ಲಿ, ಹೆಣ್ಣುಮಕ್ಕಳ ಶೌಚಾಲಯ ದಾಟಿದ ಮೇಲೆ ಒಂದು ಬಾಗಿಲಿದೆ. ಅದರ ಮೇಲೆ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಬರೆದ ಬೋರ್ಡು. ಮಕ್ಕಳ ಮನಸ್ಸಿನ ಕಷ್ಟ ಕೇಳುವ ಕೋಣೆ ಎಂದು ಅದರ ಅರ್ಥ. ಬಾಗಿಲು ತೆಗೆದರೆ ಒಳಗೆ ಸಮವಸ್ತ್ರದ ಪೆಟ್ಟಿಗೆಗಳು, ಬೆಲ್ಟು, ಟೈ, ಸಾಕ್ಸಿನ ಕಟ್ಟುಗಳು. ಜೂನ್ ತಿಂಗಳಲ್ಲಿ ಅಲ್ಲಿಂದಲೇ ಮಾರಾಟ.

ನಾನು ನಿವೃತ್ತಳಾದ ದಿನ ಆ ಕೋಣೆಯ ಪಕ್ಕದ ಹಾಲ್‌ನಲ್ಲೇ ನನಗೆ ಶಾಲು ಹೊದಿಸಿದರು. ಕರೆಸ್ಪಾಂಡೆಂಟ್ ಸಾರ್, ಅಂದರೆ ಶಾಲೆಯ ಆಡಳಿತ ನಡೆಸುವ ಯಜಮಾನರು, ಮೈಕು ಹಿಡಿದು, "ನಮ್ಮಲ್ಲಿ ಮಕ್ಕಳ ಓದಿಗೆ ಮಾತ್ರ ಅಲ್ಲ, ಮನಸ್ಸಿಗೂ ಒಂದು ಕೋಣೆ ಇದೆ. ಆಯಾಮ್ಮನಂಥವರ ಸಹಕಾರದಿಂದ ಅದು ನಡೆದುಬಂತು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈಮುಗಿದೆ. ಮನೆಗೆ ನಡೆದು ಬರುವಾಗ ಕೋಪ ಬಂತು. ಮೊದಲು ಅವರ ಮೇಲೆ. ಮನೆ ಬಾಗಿಲು ಮುಟ್ಟುವ ಹೊತ್ತಿಗೆ ನನ್ನ ಮೇಲೆ. ಆ ಕೋಪ ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಓದಿದ್ದು ಕೊಳ್ಳೇಗಾಲದ ಕಡೆಯ ಹಳ್ಳಿಯಲ್ಲಿ, ಏಳನೇ ಕ್ಲಾಸಿನವರೆಗೆ. ಮದುವೆಯಾಗಿ ಚೆನ್ನೈನ ರಾಯಪುರಂಗೆ ಬಂದೆ. ಗಂಡನದು ವಿಭೂತಿ, ಕರ್ಪೂರ, ಊದುಬತ್ತಿಯ ಸಣ್ಣ ಅಂಗಡಿ. ಅದರಲ್ಲಿ ಮನೆ ನಡೆಯದೆ ಹತ್ತಿರದ ಶಾಲೆಯಲ್ಲಿ ಆಯಾ ಕೆಲಸಕ್ಕೆ ಸೇರಿದೆ. ನಮ್ಮ ಕಡೆಯ ಜನ ಕೇಳಿದರೆ "ಇಸ್ಕೂಲಲ್ಲಿ ಕೆಲಸ" ಅನ್ನುತ್ತಿದ್ದೆ. ಏನು ಕೆಲಸ ಎಂದು ಅವರು ಕೇಳುವ ಮೊದಲೇ ಕಾಫಿ ತರಲು ಒಳಗೆ ಹೋಗುತ್ತಿದ್ದೆ. ಮುಚ್ಚಿಡುವುದು ನನಗೆ ಅಲ್ಲಿಂದಲೇ ರೂಢಿ. ನನಗೆ ಬರೆಯಲು ಬರುವುದು ಕನ್ನಡ ಒಂದೇ, ಆದ್ದರಿಂದ ಕನ್ನಡದಲ್ಲಿ ಬರೆಯುತ್ತೇನೆ. ಮಕ್ಕಳಿಗೆ ಜಡೆ ಹಾಕುವ ಕೆಲಸ ಯಾವ ಊರಿನಲ್ಲೂ ಒಂದೇ. ಹೊಸದಾಗಿ ಈ ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ಓದಿಕೊಳ್ಳಲಿ.

ಆಯಾ ಕೆಲಸ ಅಂದರೆ ಗಂಟೆ ಹೊಡೆಯುವುದು, ನೀರು ತುಂಬಿಸುವುದು ಎಂದು ನಿಮಗೆ ಹೇಳಿ ಸೇರಿಸಿಕೊಳ್ಳುತ್ತಾರೆ. ಸುಳ್ಳು. ಶೌಚಾಲಯ ತೊಳೆಯಬೇಕು. ಎಲ್‌ಕೆಜಿ ಮಗು ವಾಂತಿ ಮಾಡಿದರೆ ಅದರ ಮೇಲೆ ಮರದ ಪುಡಿ ಹಾಕಿ ಬಳಿಯಬೇಕು. ಮೊದಲ ಸಲ ಮುಟ್ಟಾಗಿ ಬಿಳಿ ಸಮವಸ್ತ್ರದಲ್ಲಿ ಅಳುತ್ತ ನಿಂತವಳನ್ನು ಯಾರೂ ನೋಡದಂತೆ ಕರೆದುಕೊಂಡು ಹೋಗಬೇಕು. ಅದರ ಮೇಲೆ ಜಡೆ. ನಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಎರಡು ಜಡೆ ಕಡ್ಡಾಯ. ಮಡಿಚಿ ಮೇಲೆ ಕಟ್ಟಿ ಕಿವಿಯ ಹತ್ತಿರ ರಿಬ್ಬನ್ ಹೂವು ಬರಬೇಕು. ಕೂದಲು ಬಿಚ್ಚಿ ಬಂದವರನ್ನು ಪ್ರಾರ್ಥನೆಗೆ ಮೊದಲು ಗೇಟಿನ ಪಕ್ಕ ನಿಲ್ಲಿಸುತ್ತಿದ್ದರು. ನಾನು ಸೊಂಟಕ್ಕೆ ಬಾಚಣಿಗೆ ಸಿಕ್ಕಿಸಿಕೊಂಡು, ಹಲ್ಲಿನಲ್ಲಿ ರಿಬ್ಬನ್ ಕಚ್ಚಿಕೊಂಡು, ಒಬ್ಬೊಬ್ಬಳನ್ನೇ ಮೊಣಕಾಲಿನ ನಡುವೆ ನಿಲ್ಲಿಸಿ ಬಾಚುತ್ತಿದ್ದೆ.

"ಆಯಾಮ್ಮಾ, ನೋವಾಗುತ್ತೆ, ಮೆಲ್ಲಗೆ!"

"ನಿಮ್ಮಮ್ಮ ಎಣ್ಣೆ ಹಚ್ಚಿದ್ರೆ ನೋವಾಗ್ತಿರಲಿಲ್ಲ. ಎಣ್ಣೆ ಎಲ್ಲ ಬಜ್ಜಿಗೆ ಹಾಕಿದ್ರಾ?"

ಹೀಗೆ ನಗಿಸುತ್ತಲೇ ಕೆಲಸ ಆಗುತ್ತಿತ್ತು. ಚೆನ್ನಾಗಿ ಜಡೆ ಹಾಕುತ್ತೇನೆ ಎಂದು ನನಗೆ ಹೆಮ್ಮೆ ಇತ್ತು. ಆ ಹೆಮ್ಮೆಯ ಕಥೆ ಮುಂದೆ ಬರುತ್ತದೆ.

ಆ ಕೋಣೆಗೆ ಜೆನಿಫರ್ ಮಿಸ್ ಬಂದಾಗ ಅವರಿಗೆ ಮದುವೆಯೂ ಆಗಿರಲಿಲ್ಲ. ಮಕ್ಕಳ ಮನಸ್ಸಿನ ವಿಷಯವನ್ನೇ ಓದಿ ಬಂದವರು, ಅದು ಅವರ ಮೊದಲ ಕೆಲಸ. ವೇಲಚೇರಿಯಲ್ಲಿ ಮನೆ, ದಿನಾ ರೈಲಿನಲ್ಲಿ ಬರುತ್ತಿದ್ದರು. ಒಂದು ಮೇಜು, ಮೂರು ಪ್ಲಾಸ್ಟಿಕ್ ಕುರ್ಚಿ, ಬಣ್ಣದ ಪೆನ್ಸಿಲಿನ ಡಬ್ಬ, ಕಿರ್ರೆನ್ನುವ ಫ್ಯಾನು. ಅಷ್ಟೇ ಕೊಟ್ಟರು. ಕಿಟಕಿಗೆ ಪರದೆ ಕೇಳಿದ್ದಕ್ಕೆ ಹೆಡ್‌ಮಿಸ್ಟ್ರೆಸ್, "ಒಳಗೆ ಏನು ನಡೀತಿದೆ ಅಂತ ಗೊತ್ತಾಗಬೇಡವಾ?" ಎಂದರು. ಪರೀಕ್ಷೆ ಬಂದರೆ ಮಿಸ್ಸನ್ನು ಮೇಲ್ವಿಚಾರಣೆಗೆ ಹಾಕುತ್ತಿದ್ದರು. ಗಣಿತದ ಸಾರ್ ರಜೆ ಹಾಕಿದರೆ ಆ ಕ್ಲಾಸಿಗೆ ಇವರು. ಮಗು ಬಾಗಿಲ ತನಕ ಬಂದು, ಕೋಣೆ ಖಾಲಿ ಇರುವುದು ನೋಡಿ ವಾಪಸ್ ಹೋಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆ ಮಗು ಬಾಗಿಲ ತನಕ ಬರಲು ಎಷ್ಟು ದಿನ ಒದ್ದಾಡಿತ್ತೋ. ಅದನ್ನು ಯೋಚಿಸದವರ ಕೈಯಲ್ಲಿ ಶಾಲೆಗಳಿವೆ.

ಮಕ್ಕಳನ್ನು ಕ್ಲಾಸಿನಿಂದ ಕರೆತರುವ ಕೆಲಸ ನನಗೆ ಬಂತು. ಮೊದಲ ತಿಂಗಳು ನಾನು ಏನು ಮಾಡುತ್ತಿದ್ದೆ ಗೊತ್ತೇ? ಕ್ಲಾಸಿನ ಬಾಗಿಲಲ್ಲಿ ನಿಂತು, "ರೇಷ್ಮಾ! ಕೌನ್ಸೆಲಿಂಗ್ ಮಿಸ್ ಕರೀತಿದ್ದಾರೆ!" ಎಂದು ಮೀನು ಮಾರುವವರಂತೆ ಕೂಗುತ್ತಿದ್ದೆ. ಐವತ್ತು ತಲೆ ತಿರುಗುತ್ತಿದ್ದವು. ಮಕ್ಕಳು ಆ ಕೋಣೆಗೆ ಲೂಸು ರೂಮು ಎಂದು ಹೆಸರಿಟ್ಟವು. ಲೂಸು ಅಂದರೆ ಈ ಊರಲ್ಲಿ ತಲೆ ಸರಿ ಇಲ್ಲದವರು. ಒಂಬತ್ತನೇ ಕ್ಲಾಸಿನ ರೇಷ್ಮಾ ಒಂದು ದಿನ ಕಾರಿಡಾರಿನಲ್ಲೇ ನನ್ನ ಕೈ ತಳ್ಳಿ, "ನೀವೇ ಹೋಗಿ ಕೂತ್ಕೊಳ್ಳಿ ಆ ಲೂಸು ರೂಮಲ್ಲಿ" ಎಂದು ಕಿರುಚಿ ಓಡಿದಳು. ಮತ್ತೆ ಅವಳು ಅಲ್ಲಿಗೆ ಬರಲೇ ಇಲ್ಲ.

ಜೆನಿಫರ್ ಮಿಸ್ ನನ್ನನ್ನು ಕೂರಿಸಿಕೊಂಡರು. "ಆಯಾಮ್ಮಾ, ನೀವು ಡಾಕ್ಟರ ಹತ್ತಿರ ಹೋದರೆ ಬೀದಿಯಲ್ಲಿ ಮೈಕು ಹಾಕಿ ಹೇಳುತ್ತಾರಾ?" ಎಂದರು. ಬೈದಿದ್ದರೂ ಸಹಿಸುತ್ತಿದ್ದೆ. ಆಮೇಲೆ ಇಬ್ಬರೂ ಸೇರಿ ದಾರಿ ಬದಲಿಸಿದೆವು. ಮಗು ನೀರಿನ ನಲ್ಲಿಯ ಹತ್ತಿರ ಬಂದಾಗ ಮೆಲ್ಲಗೆ ಹೇಳುವುದು. ಇಲ್ಲವೇ ಎರಡು ಮೂರು ಮಕ್ಕಳನ್ನು ಲೈಬ್ರರಿ ಪುಸ್ತಕ ಜೋಡಿಸಲು ಎಂದು ಕರೆದು, ಅವರಲ್ಲಿ ಒಬ್ಬರನ್ನು ಕೋಣೆಗೆ ಬಿಡುವುದು. ಅದು ನಡೆಯಿತು. ಮಕ್ಕಳು ಬಂದವು. ಕಿಟಕಿಗೆ ಪರದೆಯ ಬದಲು ಮಿಸ್ ತಮ್ಮ ದುಪಟ್ಟಾ ಕಟ್ಟಿದರು.

ಆದರೆ ನಾನು ಎರಡು ದೋಣಿಯಲ್ಲಿ ಕಾಲಿಟ್ಟಿದ್ದೆ. ಒಬ್ಬ ತಂದೆ ಬಂದು, "ನನ್ನ ಮಗಳಿಗೆ ಹುಚ್ಚು ಅಂತೀರಾ? ಟಿ.ಸಿ. ಕೊಡಿ, ಬೇರೆ ಶಾಲೆಗೆ ಹಾಕ್ತೀನಿ" ಎಂದು ಕಾರಿಡಾರಿನಲ್ಲಿ ಕೂಗಾಡಿದಾಗ, ಅವರನ್ನು ಗೇಟಿನ ತನಕ ಬಿಡಲು ಹೋದವಳು, "ಮನಸ್ಸಿಗೆ ಹಚ್ಕೋಬೇಡಿ ಸಾರ್, ಆ ಮಿಸ್ ಚಿಕ್ಕ ಹುಡುಗಿ, ಓದಿದ್ದನ್ನ ಎಲ್ಲರ ಮೇಲೂ ಪ್ರಯೋಗ ಮಾಡ್ತಾರೆ" ಎಂದೆ. ಅವರು ನಕ್ಕರು. ನಾನೂ ನಕ್ಕೆ. ಕರೆಸ್ಪಾಂಡೆಂಟ್ ಸಾರ್ ಕಾರಿನಿಂದ ಇಳಿಯುತ್ತ, "ಏನು ಆಯಾಮ್ಮಾ, ಆ ಕೋಣೆಗೆ ಯಾರಾದರೂ ಬರ್ತಾರಾ?" ಎಂದು ಕೇಳಿದರೆ, ಅವರಿಗೆ ಯಾವ ಉತ್ತರ ಇಷ್ಟ ಎಂದು ನನಗೆ ಗೊತ್ತಿತ್ತು. "ಯಾರು ಬರ್ತಾರೆ ಸಾರ್, ಕ್ಲಾಸು ತಪ್ಪಿಸೋಕೆ ಒಂದಿಬ್ಬರು" ಅನ್ನುತ್ತಿದ್ದೆ. ದೊಡ್ಡವರ ಮುಂದೆ ಅವರಿಗೆ ಬೇಕಾದದ್ದನ್ನೇ ಹೇಳುವ ಚಟ ನಿಮಗಿದ್ದರೆ, ಈ ಕೆಲಸಕ್ಕೆ ಬರಬೇಡಿ. ಹೂ ಮಾರಿ ಬದುಕಿ.

ಈಗ ನನ್ನ ತಂಗಿಯ ವಿಷಯ.

ಮಂಗಳಾ ನನಗಿಂತ ಬಹಳ ಚಿಕ್ಕವಳು. ಅವ್ವ ಹೊಲಕ್ಕೆ ಹೋದಾಗ ಅವಳನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು ನಾನೇ. ಅವಳ ಗಂಡನದು ರೇಷ್ಮೆ ಸೀರೆ ವ್ಯಾಪಾರ. ಕೊಳ್ಳೇಗಾಲದಲ್ಲಿ ಕೊಂಡು ಇಲ್ಲಿಯ ಅಂಗಡಿಗಳಿಗೆ ಹಾಕುತ್ತಿದ್ದರು. ಓಡಾಟ ಹೆಚ್ಚಾಯಿತೆಂದು ಸಂಸಾರವನ್ನೇ ರಾಯಪುರಂಗೆ ತಂದರು, ನಮ್ಮ ಹಿಂದಿನ ಬೀದಿಗೆ. ಅವರು ಮಾತ್ರ ಊರಿಂದೂರಿಗೆ ತಿರುಗುತ್ತಲೇ ಇದ್ದರು. ಮಗಳು ನಿತ್ಯಾ ನಮ್ಮ ಶಾಲೆಗೇ ಸೇರಿದಳು. ಬಂದ ಸ್ವಲ್ಪ ಕಾಲದಲ್ಲೇ ತಮಿಳು ಕಲಿತಳು. ಆಮೇಲೆ ನಾವು ಕನ್ನಡದಲ್ಲಿ ಕೇಳಿದರೂ ತಮಿಳಿನಲ್ಲೇ ಉತ್ತರ. ನನ್ನನ್ನು ದೊಡ್ಡವ್ವ ಎನ್ನುವುದು ಬಿಟ್ಟು ಪೆರಿಮ್ಮಾ ಎನ್ನತೊಡಗಿದಳು. ಮಂಗಳಾಗೆ ಮಾತ್ರ ತಮಿಳು ಹತ್ತಲಿಲ್ಲ.

ಇಲ್ಲಿಗೆ ಬಂದ ಮೇಲೆ ಮಂಗಳಾಗೆ ಒಂದು ಗಂಡು ಮಗು ಹುಟ್ಟಿ ಉಳಿಯಲಿಲ್ಲ. ಅಂದಿನಿಂದ ಅವಳು ಹಾಸಿಗೆ ಬಿಟ್ಟು ಏಳುವುದು ಕಡಿಮೆಯಾಯಿತು. ನಿತ್ಯಾ ಬೆಳಿಗ್ಗೆ ಅನ್ನಕ್ಕಿಟ್ಟು, ಅಮ್ಮನಿಗೆ ತಟ್ಟೆಯಲ್ಲಿ ಹಾಕಿಟ್ಟು, ತಾನು ಓಡಿಬರುತ್ತಿದ್ದಳು. ಜಡೆ ಹಾಕಿಕೊಳ್ಳಲು ಅವಳಿಗೆ ಪುರಸೊತ್ತು ಇರುತ್ತಿರಲಿಲ್ಲ. ಹಾಗಾಗಿ ದಿನಾ ಗೇಟಿನ ಪಕ್ಕ ನನ್ನ ಮೊಣಕಾಲಿನ ನಡುವೆ.

ಒಂದು ಬೆಳಿಗ್ಗೆ ನೆತ್ತಿಯ ಬಲಕ್ಕೆ ಬಾಚಣಿಗೆ ಹಾಯುವಾಗ ಚರ್ಮ ಸಿಕ್ಕಿತು. ಹುಣಸೆ ಬೀಜದಷ್ಟು ಜಾಗ, ಒಂದು ಕೂದಲೂ ಇಲ್ಲ.

"ಇದೇನೇ?"

ಅವಳು ಇನ್ನೊಂದು ರಿಬ್ಬನ್ ನನ್ನ ಕೈಗೆ ತುರುಕಿದಳು. ದಿನ ಕಳೆದಂತೆ ಆ ಜಾಗ ದೊಡ್ಡದಾಯಿತು. ಕ್ಲಾಸಿನಲ್ಲಿ ಕೂತು ಒಂದೊಂದೇ ಕೂದಲು ಬೆರಳಿಗೆ ಸುತ್ತಿ ಕೀಳುತ್ತಿದ್ದಳು. ಕಾರಿಡಾರಿನಿಂದ ನಾನೇ ನೋಡಿದೆ. ಕಿತ್ತ ಮೇಲೆ ಅದನ್ನು ಪುಸ್ತಕದ ಮೇಲಿಟ್ಟು ನೋಡುತ್ತಿದ್ದಳು.

ಹತ್ತು ಹೆಜ್ಜೆ ದೂರದಲ್ಲಿ ಜೆನಿಫರ್ ಮಿಸ್ ಕೋಣೆ. ಬೇರೆಯವರ ಮಕ್ಕಳನ್ನು ಅಲ್ಲಿಗೆ ಕೈಹಿಡಿದು ಬಿಟ್ಟವಳು ನಾನು. ನನ್ನ ತಂಗಿಯ ಮಗಳಿಗೆ ಏನು ಮಾಡಿದೆ? ಬೈತಲೆಯನ್ನು ಎಡಕ್ಕೆ ಸರಿಸಿದೆ. ಆ ಕಡೆಯ ಕೂದಲನ್ನು ಈ ಕಡೆ ಎಳೆದು, ಎಣ್ಣೆ ಹಚ್ಚಿ, ಜಡೆ ಬಿಗಿದು, ರಿಬ್ಬನ್ ಹೂವನ್ನು ಸ್ವಲ್ಪ ಮೇಲಕ್ಕೆ ಕಟ್ಟಿದೆ. ಯಾರಿಗೂ ಕಾಣಲಿಲ್ಲ. ದಿನಾ ಹಾಗೇ ಮಾಡಿದೆ. ಜಾಗ ದೊಡ್ಡದಾದಷ್ಟೂ ನನ್ನ ಕೈಚಳಕ ಹೆಚ್ಚಿತು.

ಯಾಕೆ? ನನ್ನ ಮಗಳು ರೇಖಾಳಿಗೆ ಸಂಬಂಧ ನೋಡುತ್ತಿದ್ದೆವು. ಚೆನ್ನೈನಲ್ಲಿ ನಮ್ಮ ಜನ ಇರುವುದು ಕೆಲವೇ ಮನೆ. ಶಿವರಾತ್ರಿಗೆ ಎಲ್ಲರೂ ಒಂದು ಕಡೆ ಸೇರುತ್ತಾರೆ. ಒಬ್ಬರ ಮನೆಯಲ್ಲಿ ಹಾಲು ಉಕ್ಕಿದರೆ ಇನ್ನೊಬ್ಬರ ಮನೆಗೆ ಗೊತ್ತಾಗುತ್ತದೆ. ಗಂಡಿನ ತಾಯಿ ಹೆಣ್ಣು ನೋಡಲು ಬಂದಾಗ, "ನಿಮ್ಮ ಕಡೆ ಯಾರಿಗೂ ಆ ತರದ್ದು ಏನೂ ಇಲ್ಲ ತಾನೆ?" ಎಂದು ತಲೆಯ ಹತ್ತಿರ ಬೆರಳು ತಿರುಗಿಸಿ ಕೇಳಿದ್ದರು. ಚಿಕ್ಕಮ್ಮ ಎದ್ದು ಕೂರುವುದಿಲ್ಲ, ಅವಳ ಮಗಳು ಕೂದಲು ಕೀಳುತ್ತಾಳೆ, ಶಾಲೆಯಲ್ಲಿ ಲೂಸು ರೂಮಿಗೆ ಹೋಗುತ್ತಾಳೆ ಎಂದು ತಿಳಿದರೆ ರೇಖಾಳ ಮದುವೆ ಅಲ್ಲಿಗೇ ಮುಗಿಯಿತು. ಇದು ನನ್ನ ಲೆಕ್ಕ. ಒಂದು ಮಗುವಿನ ತಲೆಯ ಮೇಲೆ ಇನ್ನೊಂದು ಮಗುವಿನ ಮದುವೆ ಕಟ್ಟಿದೆ.

ನಾನು ಜ್ವರ ಬಂದು ಮಲಗಿದ ದಿನ ಇನ್ನೊಬ್ಬ ಆಯಾ ಸೆಲ್ವಿ ಜಡೆ ಹಾಕಲು ನಿಂತಳು. ಅವಳಿಗೆ ನನ್ನ ಕೈಚಳಕ ಇಲ್ಲ. ಬೈತಲೆ ನೆಟ್ಟಗೆ ತೆಗೆದಳು, ಎಲ್ಲ ಕಂಡಿತು. ಅವಳು ಯಾರನ್ನೂ ಕೇಳದೆ ನಿತ್ಯಾಳನ್ನು ಸೀದಾ ಜೆನಿಫರ್ ಮಿಸ್ ಹತ್ತಿರ ಬಿಟ್ಟಳು. ನಾನು ವಾಪಸ್ ಬಂದು ಸೆಲ್ವಿಯನ್ನು ಬೈದೆ. "ಎನ್ನ ಅಕ್ಕಾ, ಕೊಳಂದೈ ತಾನೆ?" ಎಂದಳು. ಏನಕ್ಕಾ, ಮಗು ತಾನೆ, ಅಷ್ಟೇ ಅವಳು ಹೇಳಿದ್ದು.

ಮಿಸ್ ಮಂಗಳಾಳನ್ನು ಕರೆಸಿದರು. ಮಿಸ್‌ಗೆ ಕನ್ನಡ ಬರುವುದಿಲ್ಲ, ಮಂಗಳಾಗೆ ತಮಿಳು ಬರುವುದಿಲ್ಲ. ನಡುವೆ ನಾನು. ನಿತ್ಯಾ ಮೂಲೆಯ ಕುರ್ಚಿಯಲ್ಲಿ.

ಮಿಸ್ ಮೊದಲು ಮಗಳ ವಿಷಯ ಎತ್ತಲೇ ಇಲ್ಲ. "ಅಮ್ಮಾ, ಸಾಪ್ಟೀಂಗಳಾ?" ಎಂದರು. ಊಟ ಆಯಿತೇ ಎಂದು. ಅಷ್ಟು ತಮಿಳು ಮಂಗಳಾಗೆ ಗೊತ್ತಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ನನ್ನ ಕಡೆ ತಿರುಗಿದಳು.

"ಅಕ್ಕ, ಹೇಳ್ಬುಡು ಇವರ್ಗ. ನಂಗ ಬದುಕೋ ಆಸೆನೇ ಇಲ್ಲ ಕನಕ್ಕ. ಎಲ್ಗಾದ್ರೂ ಹೊಂಟೋಗನ ಅನ್ನುಸ್ತದ. ಈ ಕೂಸ್ಗ ಅದು ಗೊತ್ತು. ಇಸ್ಕೂಲ್ಗ ಹೋಗುವಾಗ ಬಾಗ್ಲಲ್ಲಿ ನಿಂತ್ಕಂಡು 'ಅವ್ವ, ನಾ ಬರಗಂಟ ಇರ್ತೀಯಾ' ಅಂತ ಕೇಳ್ತದ. ಅದಕ್ಕೇ ಅದು ಕೂದ್ಲು ಕಿತ್ಕತದ ಕನಕ್ಕ. ನನ್ನಿಂದಲೇಯ."

ಅವಳು ಯಾರ ಮುಂದೂ ಹೇಳದ್ದು. ಗಂಡನಿಗೂ ಹೇಳದ್ದು. ನನ್ನ ಬಾಯಿಯನ್ನು ನಂಬಿ ಹೇಳಿದಳು.

"ಏನು ಹೇಳಿದರು?" ಮಿಸ್ ಕೇಳಿದರು.

ನಾನು ತಮಿಳಿನಲ್ಲಿ ಹೇಳಿದೆ: "ರಕ್ತ ಕಡಿಮೆ ಮಿಸ್, ಸುಸ್ತಾಗುತ್ತಂತೆ. ಇವಳ ಕೂದಲು ಉದುರಿದ್ದು ಬೋರಿನ ಉಪ್ಪು ನೀರಿಗಂತೆ. ಊರಲ್ಲಿ ಹೊಳೆ ನೀರು ಇತ್ತು. ಇಲ್ಲಿ ಎಲ್ಲರಿಗೂ ಉದುರುತ್ತಲ್ಲ?"

ಮಿಸ್ ಮಂಗಳಾಳ ಮುಖ ನೋಡಿದರು, ನನ್ನ ಮುಖ ನೋಡಿದರು. "ಸುಸ್ತಿಗೆ ಇಷ್ಟು ಅಳುತ್ತಾರಾ?"

"ಊರು ನೆನಪಾಯ್ತಂತೆ ಮಿಸ್."

ಆಗ ಮಿಸ್ ಮೂಲೆಗೆ ತಿರುಗಿ, "ನಿತ್ಯಾ, ಅಷ್ಟೇನಾ?" ಎಂದು ಕೇಳಿದರು. ಆ ಕೋಣೆಯಲ್ಲಿ ಎರಡೂ ಭಾಷೆ ಗೊತ್ತಿದ್ದದ್ದು ನನಗೆ ಮತ್ತು ಅವಳಿಗೆ ಮಾತ್ರ. ಅಮ್ಮ ಹೇಳಿದ್ದನ್ನೂ ಕೇಳಿದಳು, ನಾನು ಹೇಳಿದ್ದನ್ನೂ ಕೇಳಿದಳು. ನಾನು ಕಣ್ಣಲ್ಲೇ ಗದರಿದೆ. ಅವಳ ಕೈ ನೆತ್ತಿಗೆ ಹೋಯಿತು.

"ಆಮಾ ಮಿಸ್," ಎಂದಳು. ಹೌದು ಮಿಸ್.

ಹೊರಗೆ ಬಂದ ಮೇಲೆ ಮಂಗಳಾ, "ಮಿಸ್ ಏನಂದ್ರಕ್ಕ?" ಎಂದಳು. "ಎಲ್ಲ ಸರಿಹೋಯ್ತದಂತೆ, ಕಬ್ಬಿಣದ ಗುಳಿಗೆ ನುಂಗು ಅಂದ್ರು" ಎಂದೆ. ಎದೆಯಲ್ಲಿದ್ದದ್ದನ್ನು ಹೇಳಿಕೊಂಡರೆ ಸಿಗುವುದು ಕಬ್ಬಿಣದ ಗುಳಿಗೆ ಎಂದು ನನ್ನ ತಂಗಿ ಅಂದು ಕಲಿತಳು. ಮತ್ತೆ ಬಾಯಿ ಬಿಡಲಿಲ್ಲ.

ಕರೆಸ್ಪಾಂಡೆಂಟ್ ಸಾರ್ ಕೇಳಿದಾಗ ಅವರಿಗೂ ಅದೇ ಉಪ್ಪು ನೀರು ಎಂದೆ. ಮಿಸ್ ಮಾತ್ರ ಬಿಡಲಿಲ್ಲ. ನಿತ್ಯಾಳನ್ನು ಮತ್ತೆ ಕರೆದರು, ಮತ್ತೆ ಕರೆದರು. ಅವಳು ಹೋಗಿ ಸುಮ್ಮನೆ ಬಣ್ಣ ತುಂಬಿ ಬರುತ್ತಿದ್ದಳು. ಬಾಗಿಲ ಹೊರಗೆ ನಾನು ನೆಲ ಒರೆಸುತ್ತಿರುವಾಗ ಅವಳು ಏನು ತಾನೆ ಹೇಳಿಯಾಳು? ಜಾಗ ಈಗ ಅಂಗೈಯಷ್ಟಾಗಿತ್ತು, ನನ್ನ ಬಾಚಣಿಗೆಗೆ ಮೀರಿತ್ತು. ರೇಖಾಳ ನಿಶ್ಚಿತಾರ್ಥ ಹತ್ತಿರ ಬಂದಿತ್ತು. ಆಗ ನನಗೆ ಹೊಳೆದ ಉಪಾಯ ನೋಡಿ.

"ಮಂಗಳಿ, ಮನೆದೇವ್ರಿಗೆ ಮುಡಿ ಕೊಡ್ಸಬುಡು. ಮಗು ಕಳ್ಕಂಡಿದ್ದೀಯ, ದೇವ್ರು ಕಣ್ ಬುಟ್ಟಾನು. ಕೂದ್ಲೂ ದಟ್ಟಗ ಬತ್ತದ."

ದೇವರ ಹೆಸರಲ್ಲಿ ತಲೆ ಬೋಳಿಸಿದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ. ಗಂಡಿನ ಮನೆಯವರು ಕೈಮುಗಿಯುತ್ತಾರೆ. ಶಾಲೆಯಲ್ಲಿ ರಿಬ್ಬನ್ ಕೇಳುವುದಿಲ್ಲ. ಕೀಳಲು ಕೂದಲೇ ಇರುವುದಿಲ್ಲ. ಇಷ್ಟು ಚೆನ್ನಾದ ಮುಚ್ಚಳ ನನಗೆ ಬೇರೆಲ್ಲಿ ಸಿಗಬೇಕು?

ನಿತ್ಯಾ ನನ್ನ ಸೀರೆ ಹಿಡಿದುಕೊಂಡಳು. "ವೇಂಡಾಂ ಪೆರಿಮ್ಮಾ. ಎಲ್ಲಾರುಂ ಸಿರಿಪ್ಪಾಂಗ." ಬೇಡ, ಎಲ್ಲರೂ ನಗುತ್ತಾರೆ.

"ದೇವ್ರಿಗ ಕೊಟ್ಟುದ್ದ ನೋಡಿ ಯಾರ್ ನಗ್ತಾರೆ? ಸುಮ್ಕಿರು."

ಹದಿಮೂರು ವಯಸ್ಸಿನ ಹುಡುಗಿ. ಮನೆದೇವರ ಬೆಟ್ಟದಲ್ಲಿ ಕ್ಷೌರದವನ ಮುಂದೆ ಕೂತಾಗ ಅವಳು ಅಳಲಿಲ್ಲ. ತಲೆ ಬಗ್ಗಿಸಿ ಹಿಡಿದುಕೊಂಡಿದ್ದವಳು ನಾನು. ಅವನು ಆ ಜಾಗ ನೋಡಿ ಕತ್ತಿ ನಿಲ್ಲಿಸಿ ನನ್ನ ಮುಖ ನೋಡಿದ. "ನೀ ಮಾಡಪ್ಪ" ಎಂದೆ.

ಶಾಲೆಗೆ ಬಂದಾಗ ಟೀಚರುಗಳು ಅವಳ ಗಲ್ಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಮಕ್ಕಳು ಮೊಟ್ಟೆ, ಮೊಟ್ಟೆ ಎಂದು ತಲೆ ಸವರಿ ಓಡಿದವು. ಮೊಟ್ಟೆ ಅಂದರೆ ತಮಿಳಿನಲ್ಲಿ ಬೋಳುತಲೆ. ಜೆನಿಫರ್ ಮಿಸ್ ಒಬ್ಬರೇ ನನ್ನನ್ನು ತಡೆದು ಕೇಳಿದರು. "ಆಯಾಮ್ಮಾ, ಈ ಹರಕೆ ಯಾರದ್ದು?"

"ಮನೆಯವರದ್ದು ಮಿಸ್."

"ಅವಳದ್ದಾ?"

ನಾನು ಬಕೆಟ್ ಎತ್ತಿಕೊಂಡು ನಡೆದೆ.

ನಿಶ್ಚಿತಾರ್ಥ ಆಯಿತು, ಮದುವೆಯೂ ಆಯಿತು. ರೇಖಾಳ ಮದುವೆಯ ಫೋಟೋಗಳಲ್ಲಿ ನಿತ್ಯಾ ಎಲ್ಲರ ಹಿಂದೆ, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ನಿಂತಿದ್ದಾಳೆ. ಹತ್ತಿರದಿಂದ ನೋಡಿದರೆ ಅವಳ ಕಣ್ಣಿಗೆ ರೆಪ್ಪೆ ಇಲ್ಲ. ಕೂದಲು ಸಿಗದ ಬೆರಳು ರೆಪ್ಪೆಗೆ ಹೋಗಿತ್ತು. ಅದಕ್ಕೆ ಮುಚ್ಚಳ ನನ್ನ ಹತ್ತಿರ ಇರಲಿಲ್ಲ.

ಬೇಸಿಗೆ ರಜೆ ಮುಗಿಯುತ್ತ ಬಂದಾಗ ಅವಳು ಇನ್ನು ಶಾಲೆಗೆ ಬರುವುದಿಲ್ಲ ಎಂದು ಹಟ ಹಿಡಿದಳು. ಮನೆಯ ಹೊಸ್ತಿಲ ಮೇಲೆ ಕೂತು ಅಮ್ಮನನ್ನು ಕಾಯುತ್ತಿದ್ದಳು. ಶಾಲೆ ತೆರೆಯುವ ಹಿಂದಿನ ದಿನ ಮಧ್ಯಾಹ್ನ ಅವಳು ಸ್ನಾನಕ್ಕೆ ಹೋದಾಗ ಮಂಗಳಾ ಮನೆ ಬಿಟ್ಟು ಹೊರಟಳು. ನಿತ್ಯಾ ಬಂದು ನನ್ನನ್ನು ಕರೆದಳು, ಇಬ್ಬರೂ ಬೀದಿ ಬೀದಿ ಓಡಿದೆವು. ಮೀನುಗಾರರ ದಡದಲ್ಲಿ ಕರುವಾಡು, ಅಂದರೆ ಒಣಮೀನು, ಒಣಗಿಸುವ ಹೆಂಗಸರು ಅವಳ ಮುಖ ನೋಡಿ ಏನೋ ಅನುಮಾನ ಬಂದು, ಕೈಹಿಡಿದು ತಮ್ಮ ನಡುವೆ ಕೂರಿಸಿಕೊಂಡಿದ್ದರು. ಒಬ್ಬಾಕೆ ಟೀ ಕುಡಿಸುತ್ತಿದ್ದಳು. ನಮ್ಮ ಮಾತು ಬಾರದವರು, ಗುರುತು ಇಲ್ಲದವರು, ಅವಳ ಮುಖ ನೋಡಿಯೇ ತಿಳಿದುಕೊಂಡಿದ್ದರು. ಮಾತು ಬಲ್ಲ ಅಕ್ಕ ನಾನು.

ನಿತ್ಯಾ ಅಮ್ಮನ ಪಕ್ಕ ಕೂತು ಉಸಿರು ಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು. ಎಷ್ಟೋ ಕಾಲದ ನಂತರ ಅವಳ ಬಾಯಲ್ಲಿ ಕನ್ನಡ ಬಂತು.

"ದೊಡ್ಡವ್ವ, ಅವತ್ತು ನೀ ಯಾಕ ಹೇಳ್ನಿಲ್ಲ?"

ಅಮ್ಮನಿಗೆ ತಿಳಿಯಲಿ ಎಂದೇ ಅವಳು ಕನ್ನಡದಲ್ಲಿ ಕೇಳಿದ್ದು.

"ಏನ ಹೇಳ್ನಿಲ್ಲ?" ಎಂದಳು ಮಂಗಳಾ. "ಅಕ್ಕ? ಏನ ಹೇಳ್ನಿಲ್ಲ ನೀನು?"

ನಾನು ಹೇಳಿದೆ. ಉಪ್ಪು ನೀರು ಎಂದದ್ದು, ರಕ್ತ ಕಡಿಮೆ ಎಂದದ್ದು, ಗುಳಿಗೆಯನ್ನು ನಾನೇ ಹುಟ್ಟಿಸಿದ್ದು. ಅವಳು ಬೈಯಲಿಲ್ಲ. ಟೀ ಲೋಟ ಕೆಳಗಿಟ್ಟು, "ಅಂಗಾರ ಆ ಯಮ್ಮ ನನ್ ಮಾತ ಕೇಳೇ ಇಲ್ಲ," ಎಂದಳು. "ಕೇಳ್ಬುಟ್ಟೂ ಏನೂ ಮಾಡ್ನಿಲ್ಲ ಅಂತ ನಾ ಅನ್ಕಂಡಿದ್ದಿ."

ಮರುದಿನ ಶಾಲೆಗೆ ಓಡಿದೆ. ಬೋರ್ಡು ಇತ್ತು, ಬಾಗಿಲು ತೆರೆದಿತ್ತು, ಒಳಗೆ ಸೆಲ್ವಿ ಸಮವಸ್ತ್ರದ ಪೆಟ್ಟಿಗೆ ಜೋಡಿಸುತ್ತಿದ್ದಳು. ರಜೆಯಲ್ಲೇ ಮಿಸ್ಸನ್ನು ಕೆಲಸದಿಂದ ತೆಗೆದಿದ್ದರು. ಕರೆಸ್ಪಾಂಡೆಂಟ್ ಸಾರ್ ಕೋಣೆಗೆ ಚಪ್ಪಲಿ ಬಿಡದೆ ನುಗ್ಗಿದೆ. ಅಷ್ಟು ವರ್ಷದಲ್ಲಿ ಅದೇ ಮೊದಲು.

"ಮಿಸ್ ಬೇಕು ಸಾರ್. ಮಕ್ಕಳಿಗೆ ಬೇಕು. ಯಾಕೆ ಮುಚ್ಚಿದಿರಿ?"

ಅವರಿಗೆ ಸಿಟ್ಟು ಬರಲಿಲ್ಲ, ನಗು ಬಂತು. "ಏನು ಆಯಾಮ್ಮಾ, ಯಾರೂ ಬರೋದಿಲ್ಲ ಅಂತ ನೀನೇ ತಾನೆ ಹೇಳ್ತಿದ್ದೆ? ಬಂದ ಒಂದು ಕೇಸೂ ಉಪ್ಪು ನೀರಿನ ಕೇಸು ಅಂತಲೂ ನೀನೇ ಹೇಳಿದ್ದು. ಉಪ್ಪು ನೀರಿಗೆ ಕೌನ್ಸೆಲರ್ ಯಾಕೆ? ಪ್ಲಂಬರ್ ಸಾಕು."

ನನಗೆ ಆ ಮನುಷ್ಯನ ಮೇಲೆ ಇಂದಿಗೂ ಕುದಿಯುವ ಕೋಪವಿದೆ. ಓದಿದವನು, ಒಬ್ಬ ಆಯಾಳ ಮುಖಸ್ತುತಿ ಕೇಳಿ ಇಷ್ಟು ಮಕ್ಕಳ ಬಾಗಿಲು ಮುಚ್ಚಿದ. ಮುಚ್ಚಲು ಅವನಿಗೆ ಒಂದು ನೆಪ ಬೇಕಿತ್ತು. ನೆಪ ಕೊಟ್ಟವಳು ನಾನು. ಈಗ ಅಲ್ಲಿ ವರ್ಷಕ್ಕೊಮ್ಮೆ ಯಾರನ್ನೋ ಕರೆಸಿ, ಎಲ್ಲ ಮಕ್ಕಳನ್ನೂ ಬಿಸಿಲಲ್ಲಿ ಕೂರಿಸಿ, "ಮನಸ್ಸಿಗೆ ಕಷ್ಟ ಇರೋರು ಕೈ ಎತ್ತಿ" ಎಂದು ಮೈಕಿನಲ್ಲಿ ಕೇಳಿಸುತ್ತಾರೆ. ಯಾರೂ ಎತ್ತುವುದಿಲ್ಲ. ಫೋಟೋ ತೆಗೆಯುತ್ತಾರೆ. ನಾನು ಕ್ಲಾಸಿನ ಬಾಗಿಲಲ್ಲಿ ಹೆಸರು ಕೂಗುತ್ತಿದ್ದೆನಲ್ಲ, ಇದು ಅದಕ್ಕಿಂತ ಕಡೆ.

ಮಿಸ್ ನಂಬರು ಸೆಲ್ವಿಯ ಹತ್ತಿರ ಇತ್ತು. ಮಿಸ್ ವೇಲಚೇರಿಯಲ್ಲೇ ಇನ್ನೊಂದು ಶಾಲೆಗೆ ಸೇರಿದ್ದರು. ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲೇ, "ಇವತ್ತೇ ಕರೆದುಕೊಂಡು ಬನ್ನಿ. ಅಲ್ಲಿಯ ತನಕ ಅವರನ್ನು ಒಂಟಿಯಾಗಿ ಬಿಡಬೇಡಿ" ಎಂದರು. ಬೀಚ್ ಸ್ಟೇಷನ್ನಿನಲ್ಲಿ ರೈಲು ಬದಲಿಸಿ ಮೂವರೂ ಹೋದೆವು. ಮಂಗಳಾ ನಡುವೆ ಕೂತಿದ್ದಳು. ನಿತ್ಯಾ ಅವಳ ಮಣಿಕಟ್ಟು ಬಿಡಲಿಲ್ಲ.

ಶಾಲೆ ಬಿಟ್ಟ ಮೇಲೆ ಮಿಸ್ ಒಂದು ಖಾಲಿ ಕ್ಲಾಸಿನಲ್ಲಿ ಕುರ್ಚಿ ಹಾಕಿದರು. ನಾಲ್ಕು ಕುರ್ಚಿ. ನಾನು ನನ್ನದರ ಮೇಲೆ ಕೈಯಿಟ್ಟೆ. ಇಂದಾದರೂ ಅವಳು ಹೇಳಿದ ಒಂದೊಂದು ಮಾತನ್ನೂ ಹೇಳಬೇಕು ಎಂದು ದಾರಿಯುದ್ದಕ್ಕೂ ತಮಿಳಿನಲ್ಲಿ ಜೋಡಿಸಿಕೊಂಡು ಬಂದಿದ್ದೆ.

ನಿತ್ಯಾ ನನ್ನನ್ನು ನೋಡಲಿಲ್ಲ. ಮಿಸ್‌ಗೆ ಹೇಳಿದಳು: "ಪೆರಿಮ್ಮಾ ವೆಳಿಯ ಇರುಕ್ಕಟ್ಟುಂ." ದೊಡ್ಡಮ್ಮ ಹೊರಗಿರಲಿ.

ನಾನು ಹೊರಗೆ ಹೋದೆ. ಕಾರಿಡಾರಿನಲ್ಲಿ ಮಕ್ಕಳು ಬೂಟು ಬಿಡುವ ಕಟ್ಟೆ ಇತ್ತು, ಅಲ್ಲಿ ಕೂತೆ. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಒಳಗೆ ಮಂಗಳಾಳ ದನಿ ಕೇಳಿತು, ಕನ್ನಡದಲ್ಲಿ, 'ಅವ್ವ, ನಾ ಬರಗಂಟ ಇರ್ತೀಯಾ' ಎಂಬಲ್ಲಿಯವರೆಗೆ, ಅಂದು ಹೇಳಿದ್ದೇ ಮಾತು. ಆಮೇಲೆ ಆ ಹುಡುಗಿಯ ದನಿ, ತಮಿಳಿನಲ್ಲಿ, ಪಾಠ ಒಪ್ಪಿಸುವಂತೆ ನಿಧಾನವಾಗಿ, ಒಂದು ಮಾತೂ ಬಿಡದೆ:

"ಅಮ್ಮಾಕ್ಕು ವಾಳವೇ ಪುಡಿಕ್ಕಲ, ಮಿಸ್."

ಅಮ್ಮನಿಗೆ ಬದುಕುವುದೇ ಬೇಡವಾಗಿದೆ.

ನನ್ನ ತಂಗಿ ಬದುಕಿದ್ದಾಳೆ. ಮಿಸ್ ಸರ್ಕಾರಿ ಆಸ್ಪತ್ರೆಯ ಡಾಕ್ಟರ ಹತ್ತಿರ ಕಳಿಸಿದರು. ಔಷಧಿ, ಮಾತು, ಎರಡೂ ನಡೆಯುತ್ತಿವೆ. ಈಗ ಅವಳೇ ತಮಿಳು ಕಲಿತಿದ್ದಾಳೆ, ನನ್ನ ಹಂಗು ಬೇಕಿಲ್ಲ. ನಿತ್ಯಾ ಕಾಲೇಜಿಗೆ ಹೋಗುತ್ತಾಳೆ, ಕೂದಲನ್ನು ಕಿವಿಯ ತನಕ ಕತ್ತರಿಸಿಕೊಂಡಿದ್ದಾಳೆ. ಮನೆಗೆ ಬಂದರೆ ನನ್ನೊಡನೆ ಊಟ ಮಾಡುತ್ತಾಳೆ, ನಗುತ್ತಾಳೆ. ಆದರೆ ಅವಳು ಕೂತಿರುವಾಗ ನಾನು ಅವಳ ಹಿಂದಿನಿಂದ ಹಾದುಹೋದರೆ, ಇಂದಿಗೂ, ತನಗೇ ಗೊತ್ತಿಲ್ಲದೆ ಒಂದು ಕೈ ಎತ್ತಿ ನೆತ್ತಿ ಮುಚ್ಚಿಕೊಳ್ಳುತ್ತಾಳೆ.